ದೂಳು, ಕುಲುಕಾಟ ಮತ್ತು ಒಂದು ಹೋಲ್ಸ್ಟರ್

ನಿಯೋಜನೆಯ ನಡುವೆ ಒಬ್ಬ ಸೈನಿಕ ತನ್ನ ಪಿಸ್ತೂಲಿನ ಹೋಲ್ಸ್ಟರ್, ಅಂದರೆ ಅದನ್ನು ಮೈಗೆ ಕಟ್ಟಿಕೊಳ್ಳುವ ಒರೆ, ಬದಲಿಸಬೇಕಾಗಿ ಬಂದ ಪ್ರಕರಣ ಇದು. ಆತನ ಹೆಸರು, ದೇಶ, ದಳ, ಪಿಸ್ತೂಲಿನ ಮಾಡೆಲ್, ಹೋಲ್ಸ್ಟರ್ ತಯಾರಕರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆ ದಳದಲ್ಲಿ ಶಸ್ತ್ರಗಳ ದುರಸ್ತಿ ಮತ್ತು ಪಿಸ್ತೂಲು ತರಬೇತಿ ನನ್ನ ಜವಾಬ್ದಾರಿಯಾಗಿತ್ತು. ಹಾಗಾಗಿ ಇದನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ನೋಡಿದೆ. ಹೋಲ್ಸ್ಟರ್ ಅಂದರೆ ಚಿಕ್ಕ ವಿಷಯ ಅಂದುಕೊಳ್ಳುವವರು ಬಹಳ ಜನ. ಆದರೆ ಕೆಟ್ಟ ಹೋಲ್ಸ್ಟರ್ ಜೀವ ತೆಗೆಯಬಲ್ಲದು. ಅದನ್ನು ಕಟ್ಟಿಕೊಂಡವನದ್ದೂ ಆಗಬಹುದು, ಪಕ್ಕದಲ್ಲಿ ನಿಂತವನದ್ದೂ ಆಗಬಹುದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆತನ ಕೆಲಸ

ಸರಕು ಸಾಗಿಸುವ ಲಾರಿಗಳ ಸಾಲಿಗೆ ಬೆಂಗಾವಲು ಕೊಡುವುದು ಆತನ ತಂಡದ ಕೆಲಸ. ಆತ ಮುಂದಿನ ಸೀಟಿನಲ್ಲಿ, ಚಾಲಕನ ಬಲಕ್ಕೆ ಕೂರುತ್ತಿದ್ದ. ಬಲಗೈ ಬಳಕೆಯವನು. ಅಂದರೆ ಪಿಸ್ತೂಲು ಇದ್ದ ಬಲಸೊಂಟ ದಿನವಿಡೀ ವಾಹನದ ಬಾಗಿಲಿಗೆ ತಾಗಿಕೊಂಡೇ ಇರುತ್ತಿತ್ತು. ಈ ಒಂದು ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಖ್ಯ ಆಯುಧ ರೈಫಲ್. ಪಿಸ್ತೂಲು ಎರಡನೆಯದು. ರೈಫಲ್ ಕೆಟ್ಟು ನಿಂತಾಗ, ಇಲ್ಲವೇ ರೈಫಲ್ ತಿರುಗಿಸಲು ಜಾಗವಿಲ್ಲದ ಕಡೆ ಅದು ಬೇಕು. ತರಬೇತಿ ಬಿಟ್ಟರೆ ಅದನ್ನು ಹೊರತೆಗೆಯುವ ಪ್ರಸಂಗ ಬರುವುದೇ ಕಡಿಮೆ. ಆದರೆ ಅದನ್ನು ಹೊತ್ತುಕೊಂಡು ಗಂಟೆಗಟ್ಟಲೆ ಕೂರಬೇಕು, ಇಳಿಯಬೇಕು, ಹತ್ತಬೇಕು, ಮಂಡಿಯೂರಬೇಕು, ಮತ್ತೆ ಕೂರಬೇಕು. ರಸ್ತೆ ಅನ್ನುವಂಥ ರಸ್ತೆ ಇರಲಿಲ್ಲ. ಹಿಟ್ಟಿನಂಥ ನುಣ್ಣನೆ ದೂಳು ಎಲ್ಲದರೊಳಗೂ ಇಳಿಯುತ್ತಿತ್ತು. ಹಗಲಿನ ಬಿಸಿಲಿನಲ್ಲಿ ನಿಂತ ವಾಹನದ ಒಳಗೆ ಕೈ ಇಡಲು ಆಗುತ್ತಿರಲಿಲ್ಲ.

ದಳದಿಂದ ಕೊಟ್ಟದ್ದು ನೈಲಾನ್ ಬಟ್ಟೆಯ ಹೋಲ್ಸ್ಟರ್. ಮೇಲೆ ಮುಚ್ಚುವ ಮಡಿಕೆ, ಅದಕ್ಕೊಂದು ಟಿಚ್ ಬಟನ್, ಒಳಗೆ ಹಿಡಿಯ ಸುತ್ತ ಬರುವ ವೆಲ್ಕ್ರೋ ಪಟ್ಟಿ. ಬೆಲ್ಟಿನಿಂದ ತೊಡೆಯ ಮಧ್ಯದವರೆಗೆ ಜೋತುಬಿದ್ದು, ಎರಡು ಎಲಾಸ್ಟಿಕ್ ಪಟ್ಟಿಗಳಿಂದ ತೊಡೆಗೆ ಕಟ್ಟಿಕೊಳ್ಳುವ ಬಗೆ. ಇಂಥ ಮುಚ್ಚಳದ ಹೋಲ್ಸ್ಟರನ್ನು ಸುಮ್ನೆ ಹಳೆಯದು ಎಂದು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ಸೇನೆ 1985ರಲ್ಲಿ ಎಂ9 ಪಿಸ್ತೂಲನ್ನು ಒಪ್ಪಿಕೊಂಡಾಗ ಅದರ ಜೊತೆ ಬಂದ ಎಂ12 ಹೋಲ್ಸ್ಟರ್ ಕೂಡ ಮುಚ್ಚಳದ್ದೇ. ಬಹಳ ವರ್ಷ ನಡೆಯಿತು. ಮುಚ್ಚಳ ಇದ್ದರೆ ಮೇಲಿನಿಂದ ಬೀಳುವ ಮರಳು, ಮಳೆ ನಿಲ್ಲುತ್ತದೆ, ಅದು ನಿಜ. ಈ ಪ್ರಕರಣದಲ್ಲಿ ಸೋತದ್ದು ಬೇರೆ ಜಾಗದಲ್ಲಿ.

ಪಿಸ್ತೂಲು ಜೋತಾಡಿದ ದಿನ

ನಿಯೋಜನೆ ಶುರುವಾಗಿ ಕೆಲವು ವಾರ ಕಳೆದಿದ್ದವು. ಒಂದು ತಪಾಸಣಾ ಜಾಗದಲ್ಲಿ ಲಾರಿಗಳ ಸಾಲು ನಿಂತಿತು. ಆತ ಬಾಗಿಲು ತೆಗೆದು ಕೆಳಗೆ ಹಾರಿದ. ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಪಿಸ್ತೂಲು ಹೋಲ್ಸ್ಟರಿನಿಂದ ಹೊರಬಂದಿತ್ತು. ಬೆಲ್ಟಿಗೆ ಕಟ್ಟಿದ್ದ ಸುರುಳಿ ಲ್ಯಾನ್ಯಾರ್ಡ್, ಅಂದರೆ ಪಿಸ್ತೂಲನ್ನು ಹಿಡಿದಿಡುವ ಹಗ್ಗ, ಇದ್ದದ್ದರಿಂದ ನೆಲಕ್ಕೆ ಬೀಳಲಿಲ್ಲ. ಮಂಡಿಯ ಹತ್ತಿರ ಜೋತಾಡುತ್ತಾ ನಿಂತಿತು. ಸುತ್ತ ಊರಿನ ಜನ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಆತ ಅದನ್ನು ಮೊದಲಿನ ಜಾಗಕ್ಕೆ ಸೇರಿಸಿ ಕೆಲಸ ಮುಂದುವರಿಸಿದ.

ಆತ ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ, ಸಂಜೆ ವಾಪಸು ಬಂದವನೇ ಇದನ್ನು ತಾನಾಗಿ ಹೇಳಿದ. ಮುಚ್ಚಿಡಲಿಲ್ಲ. ಇಂಥದ್ದನ್ನು ಮುಚ್ಚಿಡುವುದು ಬಹಳ ಸುಲಭ. ಆತ ಹೇಳದೆ ಹೋಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಮುಂದಿನ ಸಲ ಲ್ಯಾನ್ಯಾರ್ಡ್ ಕೂಡ ಕೈಕೊಟ್ಟಿದ್ದರೆ ಏನಾಗುತ್ತಿತ್ತೋ. ತಂಡದ ಮುಖ್ಯಸ್ಥರು ಆತನನ್ನು ಬೈಯಲಿಲ್ಲ. "ಹೋಲ್ಸ್ಟರ್ ಬಿಚ್ಚಿ ಮೇಜಿನ ಮೇಲೆ ಇಡು, ಏನಾಗಿದೆ ಅಂತ ನೋಡೋಣ" ಎಂದರು. ನನ್ನನ್ನು ಕರೆದರು.

ಪಿಸ್ತೂಲು ಖಾಲಿ ಇದೆ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಹೋಲ್ಸ್ಟರನ್ನು ಪರೀಕ್ಷಿಸಿದೆವು. ಬಟ್ಟೆ ಗಟ್ಟಿಯಾಗಿಯೇ ಇತ್ತು. ಅದು 1000 ಡೆನಿಯರ್ ನೈಲಾನ್. ಅಂದರೆ ಅದರ ನೂಲು 9,000 ಮೀಟರ್ ಉದ್ದಕ್ಕೆ 1,000 ಗ್ರಾಂ ತೂಗುತ್ತದೆ. ಬ್ಯಾಗು, ಬೂಟುಗಳಿಗೂ ಬಳಸುವ ದಪ್ಪ ಬಟ್ಟೆ. ಎಲ್ಲೂ ಹರಿದಿರಲಿಲ್ಲ. ಆದರೆ ವೆಲ್ಕ್ರೋದ ಕೊಕ್ಕೆಗಳ ನಡುವೆ ದೂಳು ತುಂಬಿ ಅದು ಹಿಡಿಯುವುದನ್ನೇ ಬಿಟ್ಟಿತ್ತು. ಟಿಚ್ ಬಟನ್ನಿನ ಒಳಗಿನ ಸಣ್ಣ ತಂತಿ ಸವೆದು ಸಡಿಲವಾಗಿತ್ತು. ಬಾಗಿಲ ಅಂಚಿಗೆ ಒಂದು ಸಲ ಉಜ್ಜಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ತೊಡೆಯ ಎಲಾಸ್ಟಿಕ್ ಬೆವರು ಮತ್ತು ಶಾಖಕ್ಕೆ ಜಗ್ಗಿಹೋಗಿತ್ತು. ಓಡಿದರೆ ಇಡೀ ಹೋಲ್ಸ್ಟರ್ ಗಂಟೆಯ ನಾಲಗೆಯ ಹಾಗೆ ಆ ಕಡೆ ಈ ಕಡೆ ಬಡಿಯುತ್ತಿತ್ತು.

ಇನ್ನೊಂದು ಅಪಾಯ ಕಂಡಿತು. ಅದು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿತು. ಬಾಗಿಲಿನ ಒತ್ತಡಕ್ಕೆ ಹೋಲ್ಸ್ಟರಿನ ಬಾಯಿ ಚಪ್ಪಟೆಯಾಗಿತ್ತು. ಪಿಸ್ತೂಲು ಒಳಗಿಡಲು ಎಡಗೈಯಿಂದ ಬಾಯಿ ಅಗಲಿಸಬೇಕು. ಅಂದರೆ ಸ್ವಂತ ಬೆರಳುಗಳು ನಳಿಗೆಯ ಮುಂದೆಯೇ ಬರುತ್ತವೆ. ಒಳಗೆ ಮಡಿಚಿಕೊಂಡ ಬಟ್ಟೆಯ ಅಂಚು ಟ್ರಿಗರಿನ ಸುತ್ತಿನ ಬಳೆಯೊಳಗೆ ಸಿಕ್ಕಿಕೊಳ್ಳಬಹುದು. ಪಿಸ್ತೂಲನ್ನು ಒಳಗೆ ಒತ್ತಿದಾಗ ಆ ಬಟ್ಟೆಯೇ ಬೆರಳಿನ ಕೆಲಸ ಮಾಡಬಹುದು. ಜಾಕೆಟ್ಟಿನ ದಾರದ ತುದಿಯ ಗುಂಡಿ ಹೀಗೆ ಒಳಗೆ ಸಿಕ್ಕಿಕೊಂಡು ಗುಂಡು ಹಾರುವ ಅಪಾಯದ ಬಗ್ಗೆ ತರಬೇತಿಯಲ್ಲಿ ನಾವು ಮೊದಲ ದಿನವೇ ಹೇಳುತ್ತೇವೆ. ಇಲ್ಲಿ ಹೋಲ್ಸ್ಟರೇ ಆ ದಾರ ಆಗಿತ್ತು.

ಮೇಜಿನ ಮೇಲೆ ಇಷ್ಟೆಲ್ಲ ಹರಡಿಕೊಂಡಾಗ ಒಂದು ಮಾತು ಸ್ಪಷ್ಟವಾಯಿತು. ಬಟ್ಟೆ ಗೆದ್ದಿದೆ, ಜೋಡಣೆಗಳು ಸೋತಿವೆ. ಗಟ್ಟಿ ಹೋಲ್ಸ್ಟರ್ ಬೇಕು ಎಂದು ಹೊರಟವರು ಸಾಮಾನ್ಯವಾಗಿ ಕೇಳುವುದು "ಯಾವ ವಸ್ತುವಿನದ್ದು?" ಎಂದು. ಬಟನ್, ಪಟ್ಟಿ, ಸ್ಕ್ರೂ, ಬಕಲ್, ಸ್ಪ್ರಿಂಗ್ ಇವು ಎಷ್ಟು ದಿನ ಬಾಳುತ್ತವೆ ಎಂದು ಯಾರೂ ಕೇಳುವುದಿಲ್ಲ.

ಷರತ್ತುಗಳು, ಮತ್ತು ಅಕ್ಕ ಕಳಿಸಿದ ಪಾರ್ಸೆಲ್

ಮುಖ್ಯಸ್ಥರು ಹೊರಗಿನಿಂದ ಹೋಲ್ಸ್ಟರ್ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟರು. ಷರತ್ತುಗಳನ್ನು ಬರೆದುಕೊಟ್ಟರು. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಪಿಸ್ತೂಲು ಒಳಗೆ ಹೋದ ತಕ್ಷಣ ತಾನಾಗಿ ಬೀಳುವ ಲಾಕ್ ಇರಬೇಕು, ಸೈನಿಕ ನೆನಪಿಟ್ಟು ಹಾಕುವ ಪಟ್ಟಿಯೊಂದೇ ಸಾಲದು. ಒಂದೇ ಕೈಯಿಂದ, ನೋಡದೆ, ಒಳಗಿಡಲು ಬರಬೇಕು. ಹೊಳೆಯುವ ಬಣ್ಣ ಬೇಡ. ಲ್ಯಾನ್ಯಾರ್ಡ್ ಬಿಡುವ ಹಾಗಿಲ್ಲ. ನಾನು ಪರೀಕ್ಷಿಸಿ ಸಹಿ ಹಾಕುವವರೆಗೆ ಅದನ್ನು ಹಾಕಿಕೊಂಡು ಹೊರಗೆ ಹೋಗುವಂತಿಲ್ಲ.

ಈ ಷರತ್ತುಗಳು ಬಂದದ್ದು ಬಹಳ ಉಪಕಾರವಾಯಿತು. ಇಲ್ಲದಿದ್ದರೆ ಚೆಂದ ಕಂಡದ್ದು, ಗೆಳೆಯ ಹೊಗಳಿದ್ದು, ಬೇಗ ಸಿಕ್ಕಿದ್ದು, ಇವೇ ಆಯ್ಕೆಯ ದಾರಿಯಾಗುತ್ತಿದ್ದವು. ಬೇರೆ ದಳಗಳಲ್ಲಿ ಸ್ವಂತ ಹೋಲ್ಸ್ಟರಿಗೆ ಅವಕಾಶವೇ ಇಲ್ಲದಿರಬಹುದು. ದುಡ್ಡು ಹಾಕುವ ಮೊದಲು ಕೇಳಿಕೊಳ್ಳಬೇಕು.

ಅಷ್ಟರಲ್ಲಿ ಒಂದು ಪಾರ್ಸೆಲ್ ಬಂತು. ಆತ ಫೋನಿನಲ್ಲಿ ಮಾತಾಡುವಾಗ ಅಕ್ಕನಿಗೆ ವಿಷಯ ಹೇಳಿದ್ದ. ಅವರು ತಡಮಾಡದೆ ದಪ್ಪ ಚರ್ಮದ, ಬಹಳ ಅಂದವಾಗಿ ಹೊಲಿದ ಒಂದು ಹೋಲ್ಸ್ಟರ್ ಕಳಿಸಿದ್ದರು. ಆತ ಅದನ್ನು ನನ್ನ ಮುಂದಿಟ್ಟ.

"ಸರ್, ಅಕ್ಕ ಕಳಿಸಿದ್ದಾಳೆ. ಇದನ್ನೇ ಹಾಕಿಕೊಳ್ಳಲಾ?"

"ಹೊಲಿಗೆ ಚೆನ್ನಾಗಿದೆ ಕಣಪ್ಪಾ. ಆದರೆ ಇದನ್ನು ಇಲ್ಲಿ ಹಾಕಿಕೊಂಡರೆ ನಿನ್ನ ಬೆವರೆಲ್ಲ ಇದೇ ಕುಡಿಯುತ್ತೆ. ಆಮೇಲೆ ಪಿಸ್ತೂಲಿಗೆ ಕುಡಿಸುತ್ತೆ."

"ಅವಳಿಗೆ ಏನು ಹೇಳಲಿ ಸರ್?"

"ಇದ್ದದ್ದನ್ನು ಇದ್ದ ಹಾಗೇ ಹೇಳು. ಊರಿಗೆ ಹೋದ ಮೇಲೆ ಬಳಸ್ತೀನಿ ಅನ್ನು."

ಚರ್ಮ ಕೆಟ್ಟ ವಸ್ತುವಲ್ಲ. ಒಣ ಜಾಗದಲ್ಲಿ, ದಿನಕ್ಕೆ ಕೆಲವು ಗಂಟೆ, ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಸದ್ದು ಮಾಡುವುದಿಲ್ಲ, ಮೈಗೆ ಹಿತ. ಆದರೆ ಅದು ತೇವ ಹೀರುತ್ತದೆ. ಹದ ಮಾಡುವಾಗ ಬಳಸಿದ ಲವಣ, ಆಮ್ಲಗಳು ಒಳಗೆ ಉಳಿದಿದ್ದರೆ ಬೆವರಿನ ಜೊತೆ ಸೇರಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಹಿತ್ತಾಳೆ ತೋಟೆಗಳನ್ನು ಚರ್ಮದ ಪಟ್ಟಿಯಲ್ಲಿ ಬಹಳ ದಿನ ಬಿಟ್ಟರೆ ಹಸಿರು ಕಿಲುಬು ಕಟ್ಟುವುದು ಇದೇ ಕಾರಣಕ್ಕೆ. ನೆನೆದ ಚರ್ಮ ಮೆತ್ತಗಾಗಿ ಬಾಯಿ ಕುಸಿಯುತ್ತದೆ, ಒಣಗುವಾಗ ಸೆಟೆದುಕೊಳ್ಳುತ್ತದೆ. ತಾನಾಗಿ ಬೀಳುವ ಲಾಕ್ ಕೂಡ ಇದರಲ್ಲಿ ಇರಲಿಲ್ಲ. ಮೊದಲ ಷರತ್ತುಗಳಲ್ಲೇ ಇದು ಬಿದ್ದುಹೋಯಿತು.

ಮನೆಯವರು ಪ್ರೀತಿಯಿಂದ ಕಳಿಸಿದ್ದನ್ನು ಬೇಡ ಅನ್ನುವುದು ಕಷ್ಟ. ದೂರದಲ್ಲಿರುವವರಿಗೆ ಕೈಲಾಗುವುದು ಅದೊಂದೇ, ಅಲ್ವಾ? ಆದರೆ ಆಯುಧದ ವಿಷಯದಲ್ಲಿ ಪ್ರೀತಿಗೆ ಮಣಿಯುವಂತಿಲ್ಲ. ಹೀಗೆ ಕಳಿಸಬೇಕು ಅನ್ನಿಸಿದ ಮನೆಯವರು ಮೊದಲು ಸೈನಿಕನನ್ನೇ ಕೇಳಬೇಕು. ಪಿಸ್ತೂಲಿನ ನಿಖರ ಮಾಡೆಲ್, ಅದಕ್ಕೆ ಟಾರ್ಚ್ ಹಾಕಿದ್ದಾರಾ, ಯಾವ ಕೈ, ದಳದ ನಿಯಮ ಏನು, ಬೆಲ್ಟಿನ ಅಗಲ ಎಷ್ಟು. ಇಷ್ಟು ಗೊತ್ತಿಲ್ಲದೆ ಕೊಂಡದ್ದು ಹೆಚ್ಚಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಪರೀಕ್ಷೆಗೆ ಬಂದವು

ದಳದಲ್ಲಿ ಬೇರೆ ಬೇರೆಯವರ ಹತ್ತಿರ ಇದ್ದ ಹೋಲ್ಸ್ಟರುಗಳನ್ನು ಎರವಲು ಪಡೆದೆವು. ಕೊಳ್ಳುವ ಮೊದಲು ಮುಟ್ಟಿ ನೋಡುವ ಅವಕಾಶ ಸಿಕ್ಕಿದ್ದು ಅದೃಷ್ಟ. ಪರೀಕ್ಷೆಯ ಕೋಣೆಗೆ ನಿಜವಾದ ಗುಂಡು ತರುವಂತಿಲ್ಲ. ಪಿಸ್ತೂಲನ್ನು ಇಬ್ಬರು ನೋಡಬೇಕು, ಬಳಸುವುದು ಡಮ್ಮಿ ಗುಂಡು ಮಾತ್ರ. ಈ ನಿಯಮವನ್ನು ಒಂದು ಸಲವೂ ಸಡಿಲಿಸಲಿಲ್ಲ.

ಮೊದಲು ನೋಡಿದ್ದು ಕೈಡೆಕ್ಸ್ ಹಾಳೆಯನ್ನು ಬಿಸಿ ಮಾಡಿ ಪಿಸ್ತೂಲಿನ ಆಕಾರಕ್ಕೆ ಒತ್ತಿ ಮಾಡಿದ್ದು. ಕೈಡೆಕ್ಸ್ ಅನ್ನುವುದು ಅಕ್ರಿಲಿಕ್ ಮತ್ತು ಪಿವಿಸಿ ಸೇರಿದ ಪ್ಲಾಸ್ಟಿಕ್. 1965ರಲ್ಲಿ ವಿಮಾನಗಳ ಒಳಾಂಗಣಕ್ಕೆಂದು ಬಂದದ್ದು, ಆಮೇಲೆ ಚಾಕುವಿನ ಒರೆ, ಹೋಲ್ಸ್ಟರುಗಳಿಗೂ ಹಬ್ಬಿತು. ಹಗುರ, ನೀರು ಹೀರುವುದಿಲ್ಲ, ಬಾಯಿ ಸದಾ ತೆರೆದೇ ಇರುತ್ತದೆ. ಆತನಿಗೆ ಬಹಳ ಹಿಡಿಸಿತು. ಆದರೆ ಇದು ಪಿಸ್ತೂಲನ್ನು ಹಿಡಿಯುವುದು ಬಿಗಿತದಿಂದ ಮಾತ್ರ. ಕೆಳಮುಖವಾಗಿ ಹಿಡಿದು ಕುಲುಕಿದರೆ ನಿಂತಿತು. ಹಿಡಿಯನ್ನು ಹಿಡಿದು ಯಾರಾದರೂ ಎಳೆದರೆ ಬಂದುಬಿಟ್ಟಿತು.

ಶಾಖದ ಮಾತೂ ಬಂತು. ಬಿಸಿ ಮಾಡಿ ಆಕಾರ ಕೊಡುವ ವಸ್ತು ಬಿಸಿಯಾದರೆ ಆಕಾರ ಬಿಡುತ್ತದೆ ಕೂಡ. ಕೈಡೆಕ್ಸ್ ಭಾರದಡಿ ಬಾಗಲು ಶುರುವಾಗುವುದು ಸುಮಾರು 78 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಸುಡುಬಿಸಿಲಿನಲ್ಲಿ ನಿಂತ ವಾಹನದ ಡ್ಯಾಶ್‌ಬೋರ್ಡ್ 70 ಡಿಗ್ರಿಯ ಹತ್ತಿರ ಹೋಗುತ್ತದೆ. ಮೈಮೇಲೆ ಕಟ್ಟಿಕೊಂಡಿದ್ದರೆ ಆ ಚಿಂತೆ ಇಲ್ಲ. ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಎಸೆಯುವ ಅಭ್ಯಾಸ ಇದ್ದವರಿಗೆ ಇದೆ. ದಳದ ಒಬ್ಬನ ಹೋಲ್ಸ್ಟರಿನ ಬಾಯಿ ಹಾಗೇ ಸೊಟ್ಟಗಾಗಿದ್ದನ್ನು ನಾವೇ ನೋಡಿದೆವು. ಬಿಗಿತವನ್ನೇ ನಂಬಿದ ಹೋಲ್ಸ್ಟರ್ ಸ್ವಲ್ಪ ಸೊಟ್ಟಗಾದರೂ ಬಿಗಿತ ಹೋಯಿತು.

ಎರಡನೆಯದು ಅಚ್ಚಿನಲ್ಲಿ ಹೊಯ್ದ ಗಟ್ಟಿ ಪ್ಲಾಸ್ಟಿಕ್ಕಿನದು. ಲಾಕ್ ತಾನಾಗಿ ಬೀಳುತ್ತದೆ. ಬಿಡಿಸಲು ಪಕ್ಕದ ಗುಂಡಿಯನ್ನು ತೋರುಬೆರಳಿನಿಂದ ಒತ್ತಬೇಕು. ಆತ ಒಂದೆರಡು ಗಂಟೆಯಲ್ಲೇ ಕಲಿತ. ಬೇಗ ಬರುತ್ತಿತ್ತು, ಆತನಿಗೆ ಇದೇ ಸಾಕು ಅನ್ನಿಸಿತು. ನನಗೆ ಎರಡು ಅನುಮಾನ ಇತ್ತು. ಒತ್ತಡದಲ್ಲಿ ಮನುಷ್ಯ ಗುಂಡಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಾನೆ, ಬೆರಳಿನ ತುದಿ ಬಾಗಿರುತ್ತದೆ. ಪಿಸ್ತೂಲು ಮೇಲೆ ಬರುತ್ತಿದ್ದ ಹಾಗೆ ಅದೇ ಬೆರಳು ಸೀದಾ ಟ್ರಿಗರಿನ ಮೇಲೆ ಬಂದು ಕೂರಬಹುದು. ಇದೇ ಕಾರಣಕ್ಕೆ ಈ ವಿನ್ಯಾಸವನ್ನು ಒಳಗೆ ಬಿಡದ ತರಬೇತಿ ಶಾಲೆಗಳಿವೆ. ಇನ್ನೊಂದು ಅನುಮಾನ ದೂಳಿನದು. ಆತ ಅದನ್ನು ಕಟ್ಟಿಕೊಂಡು ಅಂಗಳದಲ್ಲಿ ತೆವಳಿದ, ಬದಿಗೆ ಉರುಳಿದ. ಎದ್ದು ನಿಂತು ಗುಂಡಿ ಒತ್ತಿದ. ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದ, ಎಳೆದ, ಬರಲಿಲ್ಲ. ಗುಂಡಿಯ ಹಿಂದೆ ಕಾಳಿನಷ್ಟು ಸಣ್ಣ ಕಲ್ಲು ಸೇರಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ ಮೇಲೆ ಪಿಸ್ತೂಲು ಹೊರಬಂತು.

ಆ ಕ್ಷಣ ಆತನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಆತನ ಚಿಂತೆ ಪಿಸ್ತೂಲು ಬೀಳಬಾರದು ಅನ್ನುವುದೊಂದೇ ಆಗಿತ್ತು. ಬೇಕಾದಾಗ ಬಾರದೆ ಹೋದರೆ ಅನ್ನುವುದು ಮೊದಲ ಸಲ ತಲೆಗೆ ಬಂತು. ಹೋಲ್ಸ್ಟರಿನ ಕೆಲಸವೇ ಈ ಎರಡರ ನಡುವೆ ಇದೆ. ಬೇಡದಾಗ ಬಿಡಬಾರದು, ಬೇಕಾದಾಗ ತಡೆಯಬಾರದು. ಅದೂ ದೂಳಿನ ನಡುವೆ, ತಿಂಗಳುಗಟ್ಟಲೆ.

ಮೂರನೆಯದು ಗಾಜಿನ ನಾರು ಸೇರಿಸಿದ ನೈಲಾನ್ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ಮಾಡಿದ ಚಿಪ್ಪು. ವಾಹನದೊಳಗಿನ ಬಿಸಿಲ ಶಾಖ ಇದಕ್ಕೆ ಲೆಕ್ಕಕ್ಕಿಲ್ಲ. ಒಳಗೆ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಭಾಗ) ಹಿಡಿಯುವ ತಾನಾಗಿ ಬೀಳುವ ಲಾಕ್. ಅದರ ಸನ್ನೆ ಹೆಬ್ಬೆರಳಿಗೆ ಸಿಗುತ್ತದೆ, ಮೈಯ ಕಡೆಗೆ ಇರುತ್ತದೆ. ಅದರ ಜೊತೆ ಪಿಸ್ತೂಲಿನ ಹಿಂಭಾಗದ ಮೇಲೆ ತಿರುಗಿ ಬರುವ ಒಂದು ಕೊಂಡಿ. ಹಿಡಿಯನ್ನು ಹಿಡಿದಾಗ ಹೆಬ್ಬೆರಳು ಎಲ್ಲಿ ಇರುತ್ತದೋ ಅಲ್ಲೇ ಎರಡೂ ಇವೆ. ತೋರುಬೆರಳಿಗೆ ಕೆಲಸವೇ ಇಲ್ಲ. ಅದು ಚಿಪ್ಪಿನ ಹೊರಮೈ ಮೇಲೆ ನೇರವಾಗಿ ಚಾಚಿಕೊಂಡಿರುತ್ತದೆ.

ಇದನ್ನೂ ತೆವಳಿಸಿದೆವು, ಮಣ್ಣಿನಲ್ಲಿ ಉರುಳಿಸಿದೆವು. ಒಂದು ಹಿಡಿ ದೂಳನ್ನು ಬೇಕಂತಲೇ ಬಾಯೊಳಗೆ ಸುರಿದೆವು. ಲಾಕ್ ಒರಟಾಯಿತು, ಕರಕರ ಅಂದಿತು, ಆದರೆ ಬಿಟ್ಟಿತು. ಕೆಳಗಿನ ತುದಿ ತೆರೆದಿದ್ದರಿಂದ ದೂಳು ಹೊರಗೆ ಉದುರಿತು. ತುದಿ ಮುಚ್ಚಿದ ಹೋಲ್ಸ್ಟರಿನಲ್ಲಿ ಅದು ನಳಿಗೆಯ ಬಾಯಿಯ ಸುತ್ತ ಕೂತಿರುತ್ತಿತ್ತು. ಒಳಗೆ ಮೆತ್ತನೆಯ ಅಸ್ತರಿ ಇರುವ ಬಗೆಯೂ ಸಿಗುತ್ತಿತ್ತು. ಅದು ಪಿಸ್ತೂಲಿನ ಹೊಳಪನ್ನು ಕಾಪಾಡುತ್ತದೆ ಅನ್ನುತ್ತಾರೆ. ಈ ದೂಳಿನಲ್ಲಿ ಅಸ್ತರಿ ಅಂದರೆ ಮರಳು ಕಾಗದವೇ. ಹಾಗಾಗಿ ಒಳಮೈ ನುಣ್ಣಗಿದ್ದು ಸಣ್ಣ ಏಣುಗಳಿದ್ದದ್ದನ್ನು ಆರಿಸಿದೆವು. ಪಿಸ್ತೂಲು ಏಣುಗಳ ಮೇಲೆ ಕೂರುತ್ತದೆ, ದೂಳು ಸಂದಿಯಲ್ಲಿ ಜಾರಿ ಹೋಗುತ್ತದೆ.

ಈ ಹಂತದಲ್ಲಿ ಆತ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಸರ್, ಇದು ಲೆವೆಲ್ 3 ಅಂತ ಬರೆದಿದೆ. ಆ ಇನ್ನೊಂದರ ಮೇಲೆ ಲೆವೆಲ್ 2 ಅಂತಿದೆ. ನಂಬರ್ ನೋಡಿಯೇ ತಗೊಳ್ಳಬಹುದಿತ್ತಲ್ಲ?"

ಈ ಲೆವೆಲ್ ಲೆಕ್ಕ ಶುರುವಾದದ್ದು 1970ರ ದಶಕದಲ್ಲಿ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಏಜೆಂಟ್ ಆಗಿದ್ದ ಬಿಲ್ ರೋಜರ್ಸ್ ಅವರಿಂದ. ಹೋಲ್ಸ್ಟರ್ ಕಟ್ಟಿಕೊಂಡವನ ಪಿಸ್ತೂಲಿನ ಹಿಡಿಯನ್ನು ಇನ್ನೊಬ್ಬ ಹಿಡಿದು 5 ಸೆಕೆಂಡ್ ಬಲವಾಗಿ ಎಳೆಯುತ್ತಾನೆ. ಬರದಿದ್ದರೆ ಒಂದು ಲೆವೆಲ್. ಆಮೇಲೆ ಮೊದಲ ಲಾಕ್ ಬಿಡಿಸಿ ಮತ್ತೆ 5 ಸೆಕೆಂಡ್ ಎಳೆಯುತ್ತಾನೆ. ಆಗಲೂ ನಿಂತರೆ ಎರಡು. ಹೀಗೆ ಮುಂದೆ. ಆದರೆ ಈ ಪದವನ್ನು ಈಗ ಎಲ್ಲರೂ ಬಳಸುತ್ತಾರೆ. ಕೆಲವರು ಪರೀಕ್ಷೆ ಬಿಟ್ಟು ಲಾಕುಗಳನ್ನು ಎಣಿಸಿ ನಂಬರ್ ಹಾಕುತ್ತಾರೆ, ಬಿಗಿತದ ಸ್ಕ್ರೂ ಒಂದನ್ನೂ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಎಳೆದು ನೋಡದೆ ನಂಬರ್ ನಂಬುವಂತಿಲ್ಲ. ನಾವು ಎಳೆದು ನೋಡಿದೆವು. ಬೆಲ್ಟ್ ಬಾಗಿತು, ಆತನ ಸೊಂಟವೇ ತಿರುಗಿತು, ಪಿಸ್ತೂಲು ಬರಲಿಲ್ಲ.

ಸೊಂಟ, ತೊಡೆ, ಎದೆ

ಚಿಪ್ಪು ಸಿಕ್ಕಿತು, ಇನ್ನು ಮುಗಿಯಿತು ಅಂದುಕೊಂಡರು ಎಲ್ಲರೂ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಉಳಿದಿತ್ತು. ಎಲ್ಲಿ ಕಟ್ಟುವುದು ಅನ್ನುವುದೇ ಬಾಳಿಕೆಯನ್ನೂ ನಿರ್ಧರಿಸುತ್ತದೆ.

ಸೀದಾ ಬೆಲ್ಟಿಗೆ ಕಟ್ಟಿದರೆ ಹಿಡಿ ಬುಲೆಟ್‌ಪ್ರೂಫ್ ಜಾಕೆಟ್ಟಿನ ಕೆಳಗಿನ ಅಂಚಿಗೆ ಸಿಕ್ಕಿಹಾಕಿಕೊಂಡಿತು. ಕೈ ಪೂರ್ತಿ ಹಿಡಿತಕ್ಕೆ ಹೋಗುತ್ತಿರಲಿಲ್ಲ. ಹಳೆಯ ಹಾಗೆ ತೊಡೆಯ ಮಧ್ಯಕ್ಕೆ ಇಳಿಸಿದರೆ ಬಾಗಿಲಿಗೆ ಬಡಿಯುತ್ತದೆ, ಓಡುವಾಗ ಅಲ್ಲಾಡುತ್ತದೆ, ಪ್ರತಿ ಹೆಜ್ಜೆಯ ಎಳೆತ ಪಟ್ಟಿ, ಬಕಲ್ಲುಗಳ ಮೇಲೆ ಬೀಳುತ್ತದೆ. ಬೆಲ್ಟಿನಿಂದ ದೂರ ಇಳಿದಷ್ಟೂ ಅಲುಗಾಟ ಜಾಸ್ತಿ, ಸವೆತ ಜಾಸ್ತಿ.

ಆತನಿಗೆ ಎದೆಯ ಮೇಲೆ ಕಟ್ಟುವ ಆಸೆ ಇತ್ತು. ವಾಹನದಲ್ಲಿ ಕೂರುವವರು ಬಹಳಷ್ಟು ಜನ ಹಾಗೆ ಕಟ್ಟುತ್ತಾರೆ. ಸೀಟಿನಲ್ಲಿ ಕೂತಾಗ ಕೈಗೆ ಚೆನ್ನಾಗಿ ಸಿಗುತ್ತದೆ. ಜಾಕೆಟ್ಟಿನ ಮೋಲಿ ಪಟ್ಟಿಗಳು, ಅಂದರೆ ಸಾಮಾನು ಸಿಕ್ಕಿಸಲು ಅಡ್ಡಡ್ಡ ಹೊಲಿದ ಪಟ್ಟಿಗಳು, ಎಲ್ಲ ಕಡೆ ಒಂದೇ ಅಳತೆ, ಒಂದು ಇಂಚಿನ ಪಟ್ಟಿ, ಒಂದು ಇಂಚಿನ ಬಿಡುವು. ಹಾಗಾಗಿ ಕೂರಿಸುವುದೂ ಸುಲಭ. ಕೂರಿಸಿ ನೋಡಿದೆವು. ಬಲಗೈಯವನ ಎದೆಯ ಮೇಲಿನ ಪಿಸ್ತೂಲಿನ ನಳಿಗೆ ಎಡಕ್ಕೆ ಮುಖ ಮಾಡುತ್ತದೆ. ಎಡಕ್ಕೆ ಇದ್ದವನು ಚಾಲಕ. ನಾನು ಚಾಲಕನನ್ನು ಅವನದೇ ಸೀಟಿನಲ್ಲಿ ಕೂರಿಸಿ, "ಇದು ನಿನಗೆ ಒಪ್ಪಿಗೆನಾ?" ಎಂದು ಕೇಳಿದೆ. ಚಾಲಕ ಬೇಡವೆಂದು ತಲೆ ಅಲ್ಲಾಡಿಸಿದ. ಲಾಕ್ ಎಷ್ಟೇ ಗಟ್ಟಿ ಇರಲಿ, ಹೊರತೆಗೆಯುವಾಗ ನಳಿಗೆ ಚಾಲಕನ ಮೈ ಮೇಲೆ ಹಾದುಹೋಗಲೇಬೇಕು. ಮಲಗಿ ಗುರಿ ಹಿಡಿಯುವಾಗ ಎದೆಯಡಿ ಸಿಕ್ಕುವುದು, ಶಿಬಿರದಲ್ಲಿ ಜಾಕೆಟ್ ಬಿಚ್ಚಿಟ್ಟರೆ ಪಿಸ್ತೂಲೂ ಅದರ ಜೊತೆ ಹೋಗುವುದು, ಇವೂ ಇದ್ದವು. ಆದರೆ ನಮ್ಮ ನಿರ್ಧಾರ ಆದದ್ದು ಚಾಲಕನ ತಲೆಯಾಟದಿಂದ.

ಕೊನೆಗೆ ನಡುದಾರಿ ಹಿಡಿದೆವು. ಬೆಲ್ಟಿನಿಂದ ಸ್ವಲ್ಪವೇ ಕೆಳಗೆ, ಜಾಕೆಟ್ಟಿನ ಅಂಚನ್ನು ದಾಟುವಷ್ಟು ಮಾತ್ರ ಇಳಿಸುವ ಗಟ್ಟಿ ಪ್ಲಾಸ್ಟಿಕ್ ತಗಡು, ತೊಡೆಗೆ ಎರಡರ ಬದಲು ಒಂದೇ ಪಟ್ಟಿ, ಅದೂ ಮೇಲ್ಗಡೆ. ಬೆಲ್ಟ್ ಬದಲಿಸಿದೆವು. ಮೊದಲಿನದು ಮೆತ್ತಗಿತ್ತು, ಭಾರಕ್ಕೆ ಹೊರಗೆ ಬಾಗುತ್ತಿತ್ತು. ಎಷ್ಟೇ ಒಳ್ಳೆಯ ಹೋಲ್ಸ್ಟರ್ ಕೂಡ ಮೆತ್ತನೆ ಬೆಲ್ಟಿನ ಮೇಲೆ ಅಲ್ಲಾಡುತ್ತದೆ. ಬೆಲ್ಟಿನ ಮೇಲೆ ಹೋಲ್ಸ್ಟರನ್ನು ಒಂದಿಷ್ಟು ಮುಂದಕ್ಕೆ ಸರಿಸಿದೆವು. ಆಗ ಬಾಗಿಲಿಗೆ ತಾಗುವುದು ಕಡಿಮೆಯಾಯಿತು.

ಇಷ್ಟು ಗೊತ್ತಾದದ್ದು ನಿಜವಾದ ವಾಹನದಲ್ಲಿ, ಪೂರ್ತಿ ಸಾಮಾನು ಹಾಕಿಕೊಂಡು, ಸೀಟ್ ಬೆಲ್ಟ್ ಹಾಕಿ ಕೂತು, ಹತ್ತಿ ಇಳಿದು ನೋಡಿದ್ದರಿಂದ. ಕನ್ನಡಿ ಮುಂದೆ ನಿಂತು ನೋಡಿದ್ದರೆ ಎದೆಯ ಹೋಲ್ಸ್ಟರೇ ಗೆಲ್ಲುತ್ತಿತ್ತು.

ಸ್ಕ್ರೂ

ಹೊಸ ಹೋಲ್ಸ್ಟರ್ ಬಂದ ಮೇಲೆ ಆತನನ್ನು ತಕ್ಷಣ ಹೊರಗೆ ಕಳಿಸಲಿಲ್ಲ. ಎರಡು ಹಂತದ ಲಾಕನ್ನು ಕೈ ತಾನಾಗಿ ಬಿಡಿಸುವವರೆಗೆ ಡಮ್ಮಿ ಗುಂಡಿನಲ್ಲಿ ಅಭ್ಯಾಸ. ಕೈಗವಸು ಹಾಕಿ, ಹಾಕದೆ, ಕತ್ತಲಲ್ಲಿ, ಕೂತು, ಮಂಡಿಯೂರಿ. ಆಮೇಲೆ ಗುಂಡಿನ ಅಭ್ಯಾಸದ ಮೈದಾನ. ಹೊಸ ಲಾಕ್ ಅಂದರೆ ಹೊಸ ಅಭ್ಯಾಸ. ಹಳೆಯ ಅಭ್ಯಾಸದ ಕೈಗೆ ಹೊಸ ಲಾಕ್ ಕೊಟ್ಟು ಕಳಿಸುವುದು ಆತನ ಕೈ ಕಟ್ಟಿ ಕಳಿಸಿದಂತೆಯೇ.

ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ವಾರಕ್ಕೊಮ್ಮೆ ನೋಡುವ ನಿಯಮ ಹಾಕಿದ್ದೆವು. ಅಂಥ ಒಂದು ದಿನ ಚಿಪ್ಪನ್ನು ಹಿಡಿದು ಅಲ್ಲಾಡಿಸಿದಾಗ ಸಣ್ಣಗೆ ಟಕ್ ಅಂದಿತು. ಚಿಪ್ಪನ್ನು ತಗಡಿಗೆ ಕೂರಿಸುವ ಮೂರು ಸ್ಕ್ರೂಗಳಲ್ಲಿ ಒಂದು ಅರ್ಧ ಹೊರಬಂದಿತ್ತು. ಇನ್ನೊಂದು ಸಡಿಲ. ಹೊರಗೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ವಾಹನದ ಕುಲುಕಾಟ ದಿನವೂ ಒಂದಿಷ್ಟು ತಿರುಗಿಸುತ್ತಾ ಬಂದಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಲಾಕ್ ಭದ್ರವಾಗಿ ಹಿಡಿದುಕೊಂಡಿದ್ದ ಪಿಸ್ತೂಲು ಹೋಲ್ಸ್ಟರಿನ ಸಮೇತ ಕೆಳಗೆ ಬೀಳುತ್ತಿತ್ತು. ಮೊದಲ ಹೋಲ್ಸ್ಟರ್ ಕೆಟ್ಟದ್ದೂ ಜೋಡಣೆಯಲ್ಲಿ. ಇದು ಕೆಡಲು ಹೊರಟದ್ದೂ ಅಲ್ಲೇ.

ಎಲ್ಲ ಸ್ಕ್ರೂ ಬಿಚ್ಚಿ ಒರೆಸಿ, ಲೋಹದ ಎಳೆಗಳ ಮೇಲೆ ಮಾತ್ರ ಒಂದು ಹನಿ ನೀಲಿ ಬಣ್ಣದ ಸ್ಕ್ರೂ ಅಂಟು ಹಾಕಿ ಮತ್ತೆ ಕೂರಿಸಿದೆ. ನೀಲಿಯದು ಮಧ್ಯಮ ಬಲದ್ದು, ಬೇಕೆಂದಾಗ ಅಲೆನ್ ಕೀಯಲ್ಲೇ ಬಿಚ್ಚಬಹುದು. ಕೆಂಪಿನದು ಬೇಡವೇ ಬೇಡ. ಅದನ್ನು ಬಿಚ್ಚಲು ಚೆನ್ನಾಗಿ ಬಿಸಿ ಮಾಡಬೇಕಾಗುತ್ತದೆ, ಆಗ ಪ್ಲಾಸ್ಟಿಕ್ ಹೋಗುತ್ತದೆ. ಈ ಅಂಟು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ, ಹಾಗಾಗಿ ಸುರಿಯಬಾರದು. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಅಷ್ಟು ಹೊತ್ತು ಆತನನ್ನು ವಾಹನ ಹತ್ತಲು ಬಿಡಲಿಲ್ಲ. ಸ್ಕ್ರೂವಿನ ತಲೆಯಿಂದ ಚಿಪ್ಪಿನ ಮೇಲೆ ಬರುವ ಹಾಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತದೆ. ನೋಡಲು ಒಂದು ಕ್ಷಣ ಸಾಕು, ಯಾವ ಉಪಕರಣವೂ ಬೇಡ. ದೂಳು ಹಿಡಿದು ಗೆರೆ ಮಾಸಿದಾಗ ಒರೆಸಬೇಕು, ಅಷ್ಟೇ.

ಲಾಕಿನ ಒರಟುತನಕ್ಕೆ ಆತ ಎಣ್ಣೆ ಬಿಡಲು ಹೊರಟಿದ್ದ. ತಡೆದೆ. ಎಣ್ಣೆ ದೂಳನ್ನು ಹಿಡಿದು ಕೆಸರು ಮಾಡುತ್ತದೆ. ಪಿಸ್ತೂಲು ತೆಗೆದಿಟ್ಟು, ಹೋಲ್ಸ್ಟರನ್ನು ಬರೀ ನೀರಿನಲ್ಲಿ ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ಉಜ್ಜಿ, ನೆರಳಲ್ಲಿ ಒಣಗಿಸಿದರೆ ಲಾಕ್ ಮತ್ತೆ ಸರಾಗವಾಗುತ್ತಿತ್ತು. ಲಾಕಿಗೆ ಬೇಕಿದ್ದ ಆರೈಕೆ ಅಷ್ಟೇ.

ನಿಯೋಜನೆ ಮುಗಿಯುವ ಹೊತ್ತಿಗೆ

ಪಿಸ್ತೂಲು ಮತ್ತೆ ಒಂದು ಸಲವೂ ತಾನಾಗಿ ಹೊರಬರಲಿಲ್ಲ. ಬಿಳಿ ಗೆರೆ ಮತ್ತೆ ಮುರಿಯಲಿಲ್ಲ. ತೊಡೆಯ ಪಟ್ಟಿಯನ್ನು ಮಾತ್ರ ಬದಲಿಸಬೇಕಾಯಿತು. ಬಿಸಿಲಿನ ಕಿರಣ ನೈಲಾನ್ ನೂಲನ್ನು ನಿಧಾನವಾಗಿ ತಿನ್ನುತ್ತದೆ, ಬಣ್ಣ ಹೋಗಿ ಅಂಚು ಬಿಡತೊಡಗಿತ್ತು. ಬಿಡಿಯಾಗಿ ಸಿಗುವ ಪಟ್ಟಿ ಆಗಿದ್ದರಿಂದ ಕೆಲವೇ ನಿಮಿಷದ ಕೆಲಸ. ಬಿಡಿಭಾಗ ಸಿಗದ ಹೋಲ್ಸ್ಟರ್ ಆಗಿದ್ದರೆ ಒಂದು ಪಟ್ಟಿಗಾಗಿ ಇಡೀ ಹೋಲ್ಸ್ಟರ್ ಬಿಸಾಡಬೇಕಿತ್ತು. ಕೊಳ್ಳುವಾಗ ಇದನ್ನೂ ಕೇಳಬೇಕು. ಪಿಸ್ತೂಲಿನ ಸ್ಲೈಡಿನ ಮುಂಭಾಗದಲ್ಲಿ ಬಣ್ಣ ಸವೆದಿತ್ತು. ಗಟ್ಟಿ ಚಿಪ್ಪಿನಲ್ಲಿ ಅದು ಆಗಿಯೇ ಆಗುತ್ತದೆ. ಅಲ್ಲಿ ತೆಳುವಾಗಿ ಎಣ್ಣೆ ಒರೆಸುತ್ತಾ ಬಂದದ್ದರಿಂದ ತುಕ್ಕು ಬರಲಿಲ್ಲ.

ಒಂದು ತೊಂದರೆ ಬಗೆಹರಿಯಲೇ ಇಲ್ಲ. ಬಲಗೈಗೆ ಪೆಟ್ಟಾದರೆ ಎಡಗೈಯಿಂದ ತೆಗೆಯಬೇಕಲ್ಲ, ಅದು ಈ ಲಾಕಿನಲ್ಲಿ ನಿಧಾನ. ಹೆಬ್ಬೆರಳಿನ ಸನ್ನೆ ಬಲಗೈಗೆಂದು ಮಾಡಿದ್ದು. ಎಡಗೈಯನ್ನು ಮೈ ಮುಂದಿನಿಂದ ತಂದು ಬೆರಳಿನಿಂದ ಒತ್ತಿ, ಕೊಂಡಿ ಸರಿಸಿ, ಪಿಸ್ತೂಲನ್ನು ತಿರುಗಿಸಿ ಹಿಡಿಯಬೇಕು. ಎಷ್ಟು ಅಭ್ಯಾಸ ಮಾಡಿಸಿದರೂ ಒಂದು ಹಂತಕ್ಕಿಂತ ಬೇಗ ಆಗಲಿಲ್ಲ. ವಾಹನದೊಳಗೆ ಇನ್ನೂ ಕಷ್ಟ. ಒಂದೇ ಲಾಕ್ ಇದ್ದಿದ್ದರೆ ಬೇಗ ಆಗುತ್ತಿತ್ತು. ಆದರೆ ಜನರ ನಡುವೆ ಇಳಿದು ನಿಲ್ಲುವ ಕೆಲಸಕ್ಕೆ ಎರಡು ಬೇಕೆಂದು ಮುಖ್ಯಸ್ಥರು, ಆತ, ನಾನು ಮೂವರೂ ಕೂತು ಒಪ್ಪಿದ್ದೆವು. ಜನರ ಹತ್ತಿರ ಹೋಗದೆ ಕಾವಲು ಗೋಪುರದಲ್ಲಿ ನಿಲ್ಲುವವನಿಗೆ ಈ ಲೆಕ್ಕ ಬೇರೆ ಬರಬಹುದು.

ಆಮೇಲೆ ಬಂದ ತಂಡದವರು ಇದನ್ನು ನೋಡಿ ತಮಗೂ ಇದೇ ಬೇಕು ಎಂದರು. ಅವರ ಪಿಸ್ತೂಲುಗಳ ನಳಿಗೆಯ ಕೆಳಗೆ ಟಾರ್ಚ್ ಇತ್ತು. ಚಿಪ್ಪಿನೊಳಗೆ ಹೋಗಲಿಲ್ಲ. ಟಾರ್ಚ್ ಇರುವ ಪಿಸ್ತೂಲಿನ ಚಿಪ್ಪು ಅಗಲವಾಗಿರುತ್ತದೆ. ಆ ಅಗಲದಲ್ಲಿ ಟ್ರಿಗರಿನ ಪಕ್ಕ ಬೆರಳು ನುಗ್ಗುವಷ್ಟು ಸಂದಿ ಉಳಿಯುತ್ತದಾ ಅನ್ನುವುದನ್ನು ಮೊದಲು ನೋಡಬೇಕು. ಅವರಲ್ಲಿ ಹೆಚ್ಚಿನವರು ಕೂರುತ್ತಿದ್ದದ್ದು ವಾಹನದ ಹಿಂಭಾಗದಲ್ಲಿ, ಎದುರು ಬದುರು. ಹಳೆಯ ಷರತ್ತಿನ ಚೀಟಿಯನ್ನು ಅವರಿಗೆ ಕೊಟ್ಟೆ. ಹೋಲ್ಸ್ಟರನ್ನು ಮಾತ್ರ ಅವರು ತಮ್ಮ ಸೀಟಿನಲ್ಲಿ ಕೂತು, ತಮ್ಮ ಪಿಸ್ತೂಲಿಗೆ ತಕ್ಕಂತೆ ಹೊಸದಾಗಿಯೇ ಹುಡುಕಬೇಕಾಯಿತು.